ಮಾಳಿಗೆಯ ಮಣ್ಣು

ಬೆಳಗಾಯಿತೆಂದರೆ ಮಡ್ಡಿಹಾಳದ ಓಣಿಯಲ್ಲಿ ಮಂಚ, ಹೊರಸು ಎತ್ತುವ ಸದ್ದು. ಟಿಕೋಟಾದ ಆಚೆ, ದ್ರಾಕ್ಷಿ ತೋಟಗಳ ನಡುವೆ ಇರುವ ಈ ಊರು ಮಳೆಗಾಲ ಮುಗಿಯುತ್ತಿದ್ದಂತೆ ಬೀದಿಗೆ ಬಂದು ಮಲಗತೊಡಗಿತ್ತು. ಕಾರಣ ಭೂಮಿಯ ನಡುಕ. ನೆಲದೊಳಗೆ ಲಾರಿಯಿಂದ ಕಲ್ಲು ಸುರಿದಂತೆ ಗುಡುಗುಡು ಸದ್ದು ಬರುತ್ತಿತ್ತು, ಅದರ ಬೆನ್ನಿಗೇ ಗೋಡೆ ಅದುರುತ್ತಿತ್ತು, ಅಡುಗೆಮನೆಯಲ್ಲಿ ಪಾತ್ರೆಗಳು ಗಲಗಲ ಅನ್ನುತ್ತಿದ್ದವು. ಯಾರ ಮನೆಯೂ ಬಿದ್ದಿರಲಿಲ್ಲ. ಆದರೂ ಕಲ್ಲುಗೋಡೆಯ ಮೇಲೆ ಸೂರಾಗಿ ಮಣ್ಣಿನ ಮಾಳಿಗೆ ಹೊತ್ತ ಆ ಮನೆಗಳೊಳಗೆ ಕಣ್ಣು ಮುಚ್ಚುವ ಧೈರ್ಯ ಯಾರಿಗೂ ಉಳಿದಿರಲಿಲ್ಲ.

ಎಲ್ಲರಿಗಿಂತ ಮೊದಲು ಹೊರಸು ಹೊರಗೆ ಹಾಕಿದವನು ಪಂಚಾಯಿತಿ ಸದಸ್ಯ ಖಂಡಪ್ಪ. ಎಮ್ಮೆಗಳನ್ನು ಕೊಟ್ಟಿಗೆಯಿಂದ ಬಿಚ್ಚಿ ಬೇವಿನ ಗಿಡಕ್ಕೆ ಕಟ್ಟಿಸಿದ. ಟಿವಿಗೆ ಚಾದರ ಸುತ್ತಿ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಇಡಿಸಿದ. ತಾನು, ಹೆಂಡತಿ ಸಕ್ರವ್ವ, ಮಗ ಭೀಮಾಶಂಕರ ಮೂವರ ಹಾಸಿಗೆಯೂ ಹೊರಗೆ ಬಂತು. ಒಳಗೆ ಉಳಿದದ್ದು ಸೊಸೆ ನಿರ್ಮಲಾ ಮತ್ತು ಅವಳ ಹಸುಗೂಸು. ನಿರ್ಮಲಾಗೆ ತವರಿನಲ್ಲಿ ತಾಯಿ ಇಲ್ಲ, ಹಾಗಾಗಿ ಚೊಚ್ಚಲ ಬಾಣಂತನವೂ ಅತ್ತೆಯ ಮನೆಯಲ್ಲೇ. ಬಾಣಂತಿಗೆ ಗಾಳಿ ಬಡಿಯಬಾರದು, ಕೂಸಿಗೆ ಮಂದಿಯ ಕಣ್ಣು ಬೀಳಬಾರದು. ಅದಕ್ಕೆ ಕಿಟಕಿಯಿಲ್ಲದ ನಡುವಿನ ಖೋಲಿ. ಓಣಿಯಲ್ಲಿ ಮಲಗಿದ ಯಾರಿಗೂ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಎಮ್ಮೆಯ ಮೇಲೆ ಇದ್ದಷ್ಟು ಕಾಳಜಿ ಸೊಸೆಯ ಮೇಲೆ ಇಲ್ಲವೆಂದು ಹೇಳಿದ್ದರೆ ಖಂಡಪ್ಪನಿಗೆ ಸಿಟ್ಟೇ ಬರುತ್ತಿತ್ತು. ಮೊಮ್ಮಗನೆಂದರೆ ಅವನಿಗೆ ಪಂಚಪ್ರಾಣ.

ಆ ಪ್ರೀತಿಯನ್ನು ಅವನು ಮಾಳಿಗೆಯ ಮೇಲೆ ತೋರಿಸಿದ್ದ. ಪ್ರತಿ ವರ್ಷ ಮಿರಗದ ಮಳೆಗೆ, ಅಂದರೆ ಮುಂಗಾರಿಗೆ, ಮೊದಲು ಈ ಕಡೆ ಮಾಳಿಗೆಗೆ ಹೊಸ ಬಿಳಿಮಣ್ಣು ಹಾಕಿ ಬಡಿಯುತ್ತಾರೆ, ಸೋರಬಾರದೆಂದು. ಹಳೆಯ ಮಣ್ಣನ್ನು ತೆಗೆಯುವ ಪದ್ಧತಿ ಇಲ್ಲ. ಅಜ್ಜನ ಮಣ್ಣಿನ ಮೇಲೆ ಅಪ್ಪನ ಮಣ್ಣು, ಅದರ ಮೇಲೆ ಮಗನದು. ಈ ವರ್ಷ ಮಳೆಗಾಲದಲ್ಲೇ ಸೊಸೆಗೆ ದಿನ ತುಂಬುತ್ತವೆ, ಕೂಸಿನ ಮೇಲೆ ಒಂದು ಹನಿಯೂ ಬೀಳಬಾರದೆಂದು ಖಂಡಪ್ಪ ಬಾಣಂತಿಯ ಖೋಲಿಯ ಮೇಲೆ ಉಳಿದೆಲ್ಲ ಕಡೆಗಿಂತ ಇಮ್ಮಡಿ ಮಣ್ಣು ಹೊರಿಸಿದ್ದ. ಹನಿ ಬೀಳಲಿಲ್ಲ, ನಿಜ. ಮಣ್ಣು ಉದುರತೊಡಗಿತು.

ನೆಲ ನಡುಗಿದಾಗಲೆಲ್ಲ ಜಂತಿಗಳ ಸಂದಿಯಿಂದ ಮಣ್ಣು ತೊಟ್ಟಿಲಿಗೆ ಬೀಳುತ್ತಿತ್ತು. ಸಕ್ರವ್ವ ತನ್ನ ಹಳೆಯ ಸೀರೆಯೊಂದನ್ನು ತೊಟ್ಟಿಲಿನ ಮೇಲೆ, ಜಂತಿಯಿಂದ ಜಂತಿಗೆ ಬಿಗಿದು ಕಟ್ಟಿದಳು. ಬೆಳಿಗ್ಗೆ ಹೊರಸು ಎತ್ತಿಟ್ಟ ಮೇಲೆ ಅವಳ ಮೊದಲ ಕೆಲಸವೆಂದರೆ ಆ ಸೀರೆ ಬಿಚ್ಚಿ, ಮಣ್ಣನ್ನು ಪುಟ್ಟಿಗೆ ಸುರಿದು ತಿಪ್ಪೆಗೆ ಹಾಕಿ ಬರುವುದು. ಕಸ ಬಳಿದಷ್ಟೇ ಸಹಜವಾಗಿ ಮಾಡುತ್ತಿದ್ದಳು.

ಇಂಥದ್ದರಲ್ಲಿ ಊರಿಗೆ ಪೂರ್ವಾ ಬಂದಳು. ವಿಜಯಪುರದ ಜೋರಾಪುರ ಪೇಟೆಯವಳು, ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಾಳೆ. ಭೂಕಂಪದ ಬಗ್ಗೆ ಊರೂರಿಗೆ ಹೋಗಿ ತಿಳಿಸಿಕೊಡುತ್ತಿದ್ದಳು. ಶಾಲೆಯ ಅಂಗಳದಲ್ಲಿ ಕಾರ್ಯಕ್ರಮ. ಖಂಡಪ್ಪ ದೊಡ್ಡ ಫ್ಲೆಕ್ಸ್ ಬ್ಯಾನರ್ ಮಾಡಿಸಿದ್ದ. ಅದರಲ್ಲಿ ಕೈಮುಗಿದು ನಗುವ ಅವನ ಫೋಟೊ ಆಳೆತ್ತರ. ಮೇಲೆ ‘ಭೂಕಂಪ ಜಾಗೃತಿ’ ಅಂತ ಇತ್ತು. ಪೂರ್ವಾಳ ಹೆಸರು ಕೆಳಗಿನ ಮೂಲೆಯಲ್ಲಿ, ಹುಡುಕಿದರೆ ಸಿಗುವಂತೆ. ಹಾರ, ಶಾಲು, ಭಾಷಣಗಳಲ್ಲಿ ಹೊತ್ತು ಏರಿತು. ಅವಳ ಸರದಿ ಬಂದಾಗ ಅರ್ಧ ಮಂದಿ ಚಹಾದ ಕಡೆ ನೋಡುತ್ತಿದ್ದರು. ಹೆಂಗಸರಂತೂ ಬಂದಿರಲೇ ಇಲ್ಲ. ಅವರನ್ನು ಕರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಪೂರ್ವಾ ಬೇಸರ ತೋರಿಸದೆ ಒಂದು ಕಪ್ಪು ಕಲ್ಲು ಎತ್ತಿ ಹಿಡಿದಳು. “ಬಾವಿ ತೋಡುವಾಗ ನೀವೇ ನೋಡೀರಿ. ಮೊದಲ ಯರಿ ಮಣ್ಣು, ಆಮ್ಯಾಲ ಗರಸು, ಅದರ ಕೆಳಗ ಈ ಕರಿಕಲ್ಲು. ಇದು ಒಂದ ಕಾಲಕ್ಕ ಕಾಸಿದ ಬೆಲ್ಲದ್ಹಂಗ ಹರದು, ಪದರ ಪದರ ಆಗಿ ಆರಿದ್ದು. ಇದರಾಗ ಬಿರುಕು ಅದಾವ. ಜೋರ ಮಳಿ ಆದಾಗ ನೀರು ಆ ಬಿರುಕಿನಾಗ ಇಳದು ಕಲ್ಲಿನ ಮ್ಯಾಲ ಒತ್ತಡ ಬೀಳ್ತದ, ಅದಕ್ಕ ಈ ಸಣ್ಣ ನಡುಕ ಇರಬಹುದು ಅಂತಾರ. ಖಾತ್ರಿ ಹೇಳಾಕ ಇನ್ನೂ ಅಧ್ಯಯನ ನಡದದ.”

“ದೊಡ್ಡದು ಆಗತದೋ ಇಲ್ಲೋ, ಅಷ್ಟ ಹೇಳ್ರಿ,” ಹಿಂದಿನಿಂದ ಒಬ್ಬ ಕೂಗಿದ.

“ಅದು ಯಾರಿಗೂ ಹೇಳಾಕ ಬರೂದಿಲ್ರಿ. ಹೇಳ್ತೀನಿ ಅಂದವರನ್ನ ನಂಬಬ್ಯಾಡ್ರಿ.”

ಜನಕ್ಕೆ ನಿರಾಸೆಯಾಯಿತು. ಇಷ್ಟು ಓದಿ ಇದೂ ಗೊತ್ತಿಲ್ಲವೇ ಎಂಬ ಗೊಣಗಾಟ ಎದ್ದಿತು. ಪೂರ್ವಾ ಮೇಜಿನ ಮೇಲೆ ಕಲ್ಲುಚೂರುಗಳಿಂದ ಪುಟ್ಟ ಮನೆ ಕಟ್ಟಿ, ಮೇಲೆ ಕಡ್ಡಿ ಹಾಸಿ ಒಂದು ಹಿಡಿ ಮಣ್ಣು ಹರಡಿದಳು. ಮೇಜು ಅಲುಗಿಸಿದಳು, ಮನೆ ನಿಂತಿತು. ಮತ್ತಷ್ಟು ಮಣ್ಣು ಸುರಿದು ಅಷ್ಟೇ ಮೆಲ್ಲಗೆ ಅಲುಗಿಸಿದಳು. ಗೋಡೆ ಹೊರಕ್ಕೆ ಬಾಗಿ ಮೇಲಿನ ಮಣ್ಣೆಲ್ಲ ಒಳಗೆ ಕುಸಿಯಿತು.

“ಮ್ಯಾಳಗಿ ಮ್ಯಾಲಿನ ಹಳೆ ಮಣ್ಣು ಇಳಸ್ರಿ. ಭಾರ ಕಮ್ಮಿ ಮಾಡ್ರಿ. ಈಗ ನಿಮ್ಮ ಕೈಯಾಗ ಇರೂದು ಇದೊಂದ.”

ಖಂಡಪ್ಪ ನಕ್ಕ. “ಮಣ್ಣ ಇಳಸಿದ್ರ ಮಳಿ ಸೋರತೈತಿ ಮೇಡಮ್ಮಾರ. ನೀವು ಬಂದು ಬೊಗಸಿ ಹಿಡೀತೀರೇನು?”

“ತಗಡು ಹಾಕಬಹುದಲ್ರಿ?”

“ನಮ್ಮ ಬ್ಯಾಸಗ್ಯಾಗ ತಗಡಿನ ಕೆಳಗ ಒಂದ ದಿನ ಇದ್ದು ನೋಡ್ರಿ, ರೊಟ್ಟಿ ಬೆಂದಂಗ ಬೇಯ್ತೀರಿ. ನಮ್ಮ ಹಿರ್ಯಾರು ದಡ್ಡರಲ್ಲ. ಮಣ್ಣ ಇದ್ರ ಮನಿ ತಂಪು.”

ಅದೂ ಸುಳ್ಳಲ್ಲ. ಪೂರ್ವಾ ಒಪ್ಪಿಕೊಂಡಳು. “ಖರೆ ಐತ್ರಿ. ಎಲ್ಲಾ ತಗೀಬ್ಯಾಡ್ರಿ, ಹೆಚ್ಚಾಗಿದ್ದು ಇಳಸ್ರಿ. ಮ್ಯಾಲ ನೀರ ಇಳೀದಂಥ ತಾಡಪತ್ರಿ ಹಾಸ್ರಿ. ಅಲ್ಲೀತನಕ ಹೊರಗ ಮಲಗ್ರಿ. ಈಗ ಎಲ್ಲಾರೂ ಹೊರಗ ಮಲಗಾಕತ್ತೀರಿ, ಹೌದಲ್ಲ?”

“ಎಲ್ಲಾರೂ!” ಅಂಗಳ ಒಂದೇ ದನಿಯಲ್ಲಿ ಹೇಳಿತು. ಎಲ್ಲರಿಗಿಂತ ಎತ್ತರದ ದನಿ ಖಂಡಪ್ಪನದು.

ಕಾರ್ಯಕ್ರಮ ಮುಗಿಸಿ ಅವನು ಅವಳನ್ನು ಚಹಾಕ್ಕೆ ಮನೆಗೆ ಕರೆದೊಯ್ದ. ಬ್ಯಾನರನ್ನೂ ತರಿಸಿ ಮನೆಯ ಮುಂದೆ ಕಟ್ಟಿಸಿದ, ಸುಮ್ಮನೆ ಹಾಳಾಗುವುದೇಕೆ ಎಂದು. ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತ, ಆ ಮನೆಯಲ್ಲಿ ಬಂದವರಿಗೆಲ್ಲ ಹೇಳುವ ತಮಾಷೆಯೊಂದನ್ನು ತೆಗೆದ.

“ಮಹಾರಾಷ್ಟ್ರದಾಗ ಕಿಲ್ಲಾರಿ ಭೂಕಂಪ ಆದಾಗ ನಮ್ಮ ಭೀಮಾಶಂಕರ ಇನ್ನೂ ಕೂಸರಿ. ನಸುಕಿನ್ಯಾಗ ಇಲ್ಲೂ ನಡುಗಿತು. ನಮ್ಮಪ್ಪ ಎತ್ತು ಬಿಚ್ಚಿಕೊಂಡು ಓಡಿದ, ನಾ ಎಮ್ಮಿ ಬಿಚ್ಚಿದ್ನಿ. ಎಲ್ಲಾರೂ ಹೊರಗ. ಬೆಳಕ ಹರದ ಮ್ಯಾಲ ಒಳಗ ಕೂಸ ಅಳೂ ಸದ್ದ ಕೇಳಿ ನೆನಪಾತ ನೋಡ್ರಿ, ಇಕಿ ಒಳಗ ಅದಾಳ ಅಂತ!”

ಹೊಟ್ಟೆ ಹಿಡಿದು ನಕ್ಕ. ಭೀಮಾಶಂಕರ ನಕ್ಕ. ಬಾಗಿಲಲ್ಲಿ ನಿಂತ ಸಕ್ರವ್ವನೂ ಸೆರಗು ಬಾಯಿಗಿಟ್ಟು ನಕ್ಕಳು. ಮೂವತ್ತು ವರ್ಷಕ್ಕೂ ಮೇಲಿಂದ ನಗುತ್ತಲೇ ಬಂದಿದ್ದಳು.

ಪೂರ್ವಾ ನಗಲಿಲ್ಲ. “ಆಗ ನಿಮಗ ಏನ ಅನಿಸ್ತು ಅವ್ವಾರ?”

ಇದನ್ನು ಯಾರೂ ಕೇಳಿರಲಿಲ್ಲ. ಸಕ್ರವ್ವ ಸೆರಗು ಸರಿಮಾಡಿಕೊಂಡಳು. “ಏನ ಅನಿಸಬೇಕ್ರಿ,” ಅಂದು ಚಹಾದ ಕಪ್ಪು-ಬಸಿ ಎತ್ತಿಕೊಂಡಳು. ಆಗಲೇ ನಡುವಿನ ಖೋಲಿಯಿಂದ ಕೂಸು ಅತ್ತಿತು.

ಪೂರ್ವಾ ಖಂಡಪ್ಪನ ಕಡೆ ತಿರುಗಿದಳು. “ಎಲ್ಲಾರೂ ಹೊರಗ ಅಂದ್ರಿ?”

“ಆಕಿ ಬಾಣಂತಿ ರೀ,” ಅಂದ ಖಂಡಪ್ಪ. ಎಲ್ಲಾರೂ ಅಂದ ಮೇಲೆ ಅವಳೂ ಸೇರುತ್ತಾಳೆಂಬುದು ಅವನ ತಲೆಗೆ ಬಂದೇ ಇರಲಿಲ್ಲ.

ಪೂರ್ವಾ ಖೋಲಿಯೊಳಗೆ ಹೋದಳು. ಕತ್ತಲು, ಲೋಬಾನದ ಹೊಗೆ. ಮೊಬೈಲಿನ ಬೆಳಕು ಬಿಟ್ಟಾಗ ನಡುವಿನ ತೊಲೆ ಬಾಗಿದ್ದು ಕಂಡಿತು. ಬೆಳಿಗ್ಗೆ ಬರಿದು ಮಾಡಿ ಕಟ್ಟಿದ ಸೀರೆ ಆಗಲೇ ಮಣ್ಣು ತುಂಬಿ ಜೋತುಬಿದ್ದಿತ್ತು.

“ಅಂಜಿಕಿ ಬರೂದಿಲ್ಲೇನವಾ?” ಮೆಲ್ಲಗೆ ಕೇಳಿದಳು.

“ಬರತೈತ್ರಿ,” ಅಂದಳು ನಿರ್ಮಲಾ. “ಸದ್ದ ಬಂದ ಕೂಡ್ಲೆ ಕೂಸಿನ ಮ್ಯಾಲ ಬೋರಲ ಬೀಳತೀನ್ರಿ. ಮತ್ತೇನ ಮಾಡ್ಲಿ?”

ಪೂರ್ವಾ ಹೊರಗೆ ಬಂದು ಖಂಡಪ್ಪನ ಎದುರು ನಿಂತಳು. “ಇವತ್ತ ಆಕಿನ್ನ ಹೊರಗ ಕರಕೊಂಡ ಬರ್ರಿ. ಆ ತೊಲಿ ಭಾಳ ದಿನ ತಡೆಯೂದಿಲ್ಲ.”

ಖಂಡಪ್ಪ ಹುಬ್ಬು ಗಂಟಿಕ್ಕಿದ. “ಬೀದ್ಯಾಗ ಬಾಣಂತಿ? ಮಂದಿ ಏನಂದಾರು? ಗಾಳಿ ಬಡದು ಕೂಸಿಗೆ ಹೆಚ್ಚುಕಮ್ಮಿ ಆದ್ರ ನೀವು ಬರ್ತೀರೇನು?”

ಸಕ್ರವ್ವ ಕೇಳಿದಳು, ನಿಜಕ್ಕೂ ತಿಳಿಯಬೇಕಾಗಿ: “ನಿಮ್ಮ ಮನ್ಯಾಗ ಬಾಣಂತಿನ್ನ ಹೊರಗ ಮಲಗಸ್ತೀರೇನ್ರಿ ಅಕ್ಕಾರ?”

ಪೂರ್ವಾಳಿಗೆ ತನ್ನ ಮನೆ ನೆನಪಾಯಿತು. ಹೋದ ವರ್ಷ ವೈನಿ ಅನುಜಾ, ಅಣ್ಣನ ಹೆಂಡತಿ, ಹಡೆದಾಗ ಜೋರಾಪುರ ಪೇಟೆಯ ಮನೆಯಲ್ಲೂ ಹಿಂದಿನ ಖೋಲಿಯ ಬಾಗಿಲು ಮುಚ್ಚಿಯೇ ಇತ್ತು. ಒಂದು ಮುಂಜಾನೆ ನೆಲ ನಡುಗಿದಾಗ ಅನುಜಾಳನ್ನು ಒಳಗೇ ಬಿಟ್ಟು ಪೂರ್ವಾಳೂ ಅಂಗಳಕ್ಕೆ ಓಡಿದ್ದಳು. “ಇಲ್ರೀ,” ಅಂದಳು. “ನಾವೂ ಒಳಗ ಇಟ್ಟಿದ್ವಿ. ಓದಿದವರು ನಾವು, ನಮಗೂ ನೆನಪಾಗಲಿಲ್ಲ.”

ಖಂಡಪ್ಪನಿಗೆ ಅಷ್ಟು ಸಾಕಾಯಿತು. ಗೆದ್ದವನಂತೆ ಎದ್ದು ಅವಳನ್ನು ಬಸ್ಸಿಗೆ ಕಳಿಸಿ ಬಂದ. ಟಿಕೋಟಾದವರೆಗೂ ಪೂರ್ವಾ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಚೀಲದಲ್ಲಿದ್ದ ಕಲ್ಲುಗಳ ಮೇಲೂ ಅವಳಿಗೆ ಸಿಟ್ಟು ಬಂದಿತ್ತು.

ಅದೇ ವಾರ ಎರಡು ದಿನ ಜಡಿಮಳೆ ಸುರಿದು ನಿಂತಿತು. ಮರುದಿನ ಮಧ್ಯಾಹ್ನ, ಬಿಸಿಲು ಬಿದ್ದ ಹೊತ್ತಿನಲ್ಲಿ, ಎಲ್ಲರೂ ಉಣ್ಣಲು ಕೂತಿದ್ದಾಗ ನೆಲ ಗುಡುಗಿತು. ಈ ಸಲದ ನಡುಕ ಹಿಂದಿನವುಗಳಿಗಿಂತ ಜೋರು. ಖಂಡಪ್ಪ ತಾಟು ಬಿಟ್ಟು ಓಡಿದ. ಭೀಮಾಶಂಕರ ಮೊಬೈಲು ಹಿಡಿದು ಓಡಿದ. ಸಕ್ರವ್ವನೂ ಓಡಿದಳು. ಬೇವಿನ ಗಿಡದ ಕೆಳಗೆ ನಿಂತು ಉಸಿರು ಬಿಟ್ಟ ಮೇಲೆ ಅವಳು ಮನೆಯ ಕಡೆ ನೋಡಿದಳು.

ನಿರ್ಮಲಾ ಕೂಸನ್ನು ಎದೆಗವಚಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ತಲೆಯ ಮೇಲೆ ಭಾರದ ಕಲ್ಲುಚಪ್ಪಡಿ. ದಾಟಿದರೆ ಓಣಿ. ಅವಳು ದಾಟಲಿಲ್ಲ. ಹೊರಗೆ ಬಾ ಎಂದು ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದಳು. ಗಂಡನನ್ನು ನೋಡಿದಳು. ಗಂಡ ಅಪ್ಪನನ್ನು ನೋಡಿದ.

“ನಿಂತೈತಿ, ನಿಂತೈತಿ,” ಅಂದ ಖಂಡಪ್ಪ. “ಒಳಗ ಹೋಗವಾ, ಗಾಳಿ ಐತಿ.”

ನಿರ್ಮಲಾ ಹಿಂದೆ ತಿರುಗಿದಳು.

“ನಿಂದರ ಬೇ!” ಸಕ್ರವ್ವ ಕೂಗಿದ್ದು ಕೇಳಿ ಓಣಿಯೇ ಬೆಚ್ಚಿತು. ಓಡಿ ಹೋಗಿ ಸೊಸೆಯ ರಟ್ಟೆ ಹಿಡಿದು ಹೊರಗೆ ಎಳೆದಳು. ಬಿಸಿಲಿಗೆ ನಿರ್ಮಲಾಳ ಕಣ್ಣು ಮುಚ್ಚಿಹೋದವು. ಅಷ್ಟರಲ್ಲಿ ಒಳಗೆ ಏನೋ ದೊಪ್ಪನೆ ಬಿತ್ತು.

ನಡುವಿನ ಖೋಲಿಯಲ್ಲಿ ಜಂತಿಯೊಂದು ಕಳಚಿತ್ತು. ಗಂಟು ಬಿಚ್ಚಿದ ಸೀರೆಯ ಮೇಲೆ ಒದ್ದೆ ಮಣ್ಣು ಸುರಿದು ತೊಟ್ಟಿಲು ತುಂಬಿತ್ತು. ಕೂಸಿನ ಕುಂಚಿಗೆಯ ಒಂದು ತುದಿಯಷ್ಟೇ ಹೊರಗೆ ಕಾಣುತ್ತಿತ್ತು.

ಖಂಡಪ್ಪ ಬಾಗಿಲಲ್ಲೇ ನಿಂತು ನೋಡಿದ. ಮುಖ ಬಿಳಿಚಿತ್ತು, ಆದರೆ ಬಾಯಿ ಸುಮ್ಮನಿರಲಿಲ್ಲ. “ಸೀರಿ ಇನ್ನಷ್ಟ ಘಟ್ಟಿ ಕಟ್ಟಬೇಕಾಗಿತ್ತು,” ಅಂದ.

ಸಕ್ರವ್ವ ಗಂಡನ ಮುಖವನ್ನೇ ನೋಡಿದಳು. ಪೂರ್ವಾ ಕೇಳಿದ್ದಕ್ಕೆ ಉತ್ತರ ಈಗ ಬಂತು. “ಆವತ್ತ ನನ್ನ ಯಾರೂ ಕರೀಲಿಲ್ಲ,” ಅಂದಳು. “ನಾನೂ ಹೊಸ್ತಿಲತನಕ ಬಂದಿದ್ದೆ. ನಿಮ್ಮವ್ವ ನೋಡಿ, ಒಳಗ ಹೋಗು ಅಂದಳು. ನೀವು ಎಮ್ಮಿ ಹಗ್ಗ ಹಿಡಕೊಂಡು ಅಲ್ಲೇ ನಿಂತಿದ್ರಿ. ನನ್ನ ಮರತಿರಲಿಲ್ಲ ನೀವು.”

ಕಿಲ್ಲಾರಿಯ ಮಾತು ಬಂತೆಂದರೆ ನಗುವುದು ಖಂಡಪ್ಪನಿಗೆ ರೂಢಿ. ರೂಢಿಯಂತೆ ಅವನ ಬಾಯಿ ನಗಲು ಹೋಯಿತು. ಮಗ ನಗಲಿಲ್ಲ. ಓಣಿಯಲ್ಲಿ ಸೇರಿದ ಹೆಂಗಸರು ಒಬ್ಬರೂ ನಗಲಿಲ್ಲ. ಆ ನಗೆ ಅರ್ಧಕ್ಕೇ ನಿಂತಿತು.

ಸಕ್ರವ್ವ ಖಂಡಪ್ಪನ ಹೊರಸನ್ನೇ ಬೇವಿನ ನೆರಳಿಗೆ ಎಳೆದು, ಸೊಸೆಯನ್ನು ಮಲಗಿಸಿ, ಕಿವಿಗೆ ಬಿಗಿಯಾಗಿ ಬಟ್ಟೆ ಕಟ್ಟಿದಳು. ಎದುರುಮನೆಯ ಶಂಕ್ರೆವ್ವ ತನ್ನ ಚಾದರ ತಂದು ಬಿಸಿಲು ಬರುವ ಕಡೆ ಮರೆ ಕಟ್ಟಿದಳು. ಸಕ್ರವ್ವ ಸೀರೆಯ ಕಚ್ಚೆ ಬಿಗಿದು, ಸಲಿಕೆ ಹಿಡಿದು, ಗೋಡೆಗೆ ಆನಿಸಿದ ನಿಚ್ಚಣಿಕೆ ಹತ್ತಿದಳು. ತುಸು ಹೊತ್ತಿಗೆ ಮಾಳಿಗೆಯ ಅಂಚಿನಿಂದ ಮಣ್ಣು ಓಣಿಗೆ ಬೀಳತೊಡಗಿತು. ಮೊದಲು ಈ ವರ್ಷದ ಬಿಳಿಮಣ್ಣು, ಅದರ ಕೆಳಗಿನ ಬೂದು ಮಣ್ಣು, ಆಮೇಲೆ ಮಾವನ ಕಾಲದ್ದು.

“ಹುಚ್ಚ ಹಿಡದೈತೇನ ನಿನಗ?” ಖಂಡಪ್ಪ ಕೆಳಗಿನಿಂದ ಒದರಿದ. “ಮುಗಿಲು ನೋಡು. ಮಳಿ ಬಂದ್ರ?”

ಸಕ್ರವ್ವ ಮತ್ತೊಂದು ಸಲಿಕೆ ಮಣ್ಣು ಅಂಚಿನಿಂದ ಕೆಳಗೆ ತಳ್ಳಿದಳು. ಮಗನನ್ನು ಕರೆದಳು. “ಲೇ ಭೀಮಾಶಂಕರ, ಮುಂದ ಕಟ್ಟಿದ ಆ ಬ್ಯಾನರ್ ಬಿಚ್ಚಿಕೊಂಡ ಬಾ.”

ಭೀಮಾಶಂಕರ ಬ್ಯಾನರಿನಲ್ಲಿ ಕೈಮುಗಿದು ನಿಂತ ಅಪ್ಪನನ್ನು ನೋಡಿದ. ಕೆಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತ ಅಪ್ಪನನ್ನೂ ನೋಡಿದ. ಆಮೇಲೆ ಹೊರಸಿನ ಮೇಲೆ ಹೆಂಡತಿ ಕೂಸಿನ ಮೈಮೇಲಿನ ಮಣ್ಣಿನ ಹುಡಿ ಒರೆಸುತ್ತಿದ್ದುದನ್ನು ನೋಡಿದ. ಹಗ್ಗ ಬಿಚ್ಚಿದ. ಫ್ಲೆಕ್ಸ್ ಸುತ್ತಿ ಹೆಗಲಿಗೆ ಹಾಕಿಕೊಂಡು ಮೇಲೆ ಹತ್ತಿದ.

ತೆಳುವಾದ ಮಾಳಿಗೆಯ ಮೇಲೆ ತಾಯಿ ಮಗ ಅದನ್ನು ಬಿಡಿಸಿ ಹಿಡಿದರು. ಭೀಮಾಶಂಕರ ಅನುಮಾನಿಸುತ್ತ ನಿಂತ. “ಯವ್ವಾ, ಅಪ್ಪನ ಮಾರಿ ಮ್ಯಾಲ ಮಾಡಿ ಹಾಸಲೋ, ಕೆಳಗ ಮಾಡಿ ಹಾಸಲೋ?”

“ಮ್ಯಾಲ ಮಾಡಿ ಹಾಸು,” ಅಂದಳು ಸಕ್ರವ್ವ. “ತೆಲಿ ಮ್ಯಾಲ ಬೀಳೂದು ಹೆಂಗಿರತೈತಿ, ಅವರಿಗೂ ತಿಳೀಲಿ.”

ಫ್ಲೆಕ್ಸಿನ ನಾಲ್ಕು ಮೂಲೆಗೆ ಕಲ್ಲು ಹೇರಿ, ಅವಳು ಮತ್ತೆ ಸಲಿಕೆ ತೆಗೆದುಕೊಂಡು ಪಡಸಾಲೆಯ ಮೇಲಿನ ಮಣ್ಣಿಗೆ ಕೈ ಹಚ್ಚಿದಳು.