ಅಜ್ಜಿ ಉಂಡರೆ ಸೀಟು

ಕಾಲೇಜು ನೋಡಲು ಹೋದಾಗ ಏನೇನು ಮಾಡಬೇಕು ಎಂದು ಧನುಶ್ರೀ ಮೊಬೈಲಿನಲ್ಲಿ ವಿಡಿಯೊಗಳನ್ನು ನೋಡಿಕೊಂಡಿದ್ದಳು. ಲ್ಯಾಬ್ ನೋಡಿ, ಲೈಬ್ರರಿ ನೋಡಿ, ಅಲ್ಲಿ ಓದುತ್ತಿರುವವರನ್ನು ಮಾತಾಡಿಸಿ ಎಂದೆಲ್ಲ ಹೇಳಿದ ಆ ಪುಣ್ಯಾತ್ಮರಲ್ಲಿ ಒಬ್ಬರಾದರೂ, ಅಜ್ಜಿಯೂ ಹೊರಟು ನಿಂತರೆ ಏನು ಮಾಡಬೇಕು ಎಂದು ಹೇಳಿರಲಿಲ್ಲ.

ಅಜ್ಜಿ ವಿಶಾಲಾಕ್ಷಮ್ಮ ಹೊರಟೇ ನಿಂತಳು. ಮದುವೆ ಮನೆಗೆ ಉಡುವ ರೇಷ್ಮೆ ಸೀರೆ, ಕೈಯಲ್ಲೊಂದು ಚೀಲ, ಚೀಲದಲ್ಲಿ ಮನೆಯ ನೀರು ಮತ್ತು ಚಕ್ಕುಲಿ.

"ಅವ್ವ, ನಾವು ಹೋಗ್ತಿರೋದು ಗಂಡು ನೋಡಕ್ಕಲ್ಲ," ಎಂದ ಮಗ, ಧನುಶ್ರೀಯ ಅಪ್ಪ ದೇವರಾಜು.

"ಹುಡುಗಿ ಮೂರು ವರ್ಷ ಹೋಗಿ ಇರೋ ಜಾಗ ಅಲ್ವೇನ್ಲಾ? ಇದೂ ಮನೆ ನೋಡೋದೇಯ," ಎಂದಳು ಅಜ್ಜಿ. ಹೊಲದಲ್ಲಿ ಹತ್ತಾಳನ್ನು ಗದರಿಸುವ ದೇವರಾಜು ಅವ್ವನ ಮುಂದೆ ಮಾತ್ರ ಮೆತ್ತಗೆ. ಬಾಗಿಲಿಗೆ ಬೀಗ ಹಾಕಿದ.

ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜೋಳ, ಶುಂಠಿ ಬೆಳೆದುಕೊಂಡಿರುವ ಆ ಮನೆಯಲ್ಲೊಂದು ಪದ್ಧತಿಯಿದೆ. ಗಂಡಿನ ಮನೆ ನೋಡಲು ಹೋದವರು ಮನಸ್ಸಿಗೆ ಒಪ್ಪುವ ತನಕ ಅಲ್ಲಿ ತೊಟ್ಟು ನೀರೂ ಮುಟ್ಟುವುದಿಲ್ಲ. ಉಂಡರೋ, ಒಪ್ಪಿದರೆಂದೇ ಅರ್ಥ. ಧನುಶ್ರೀಯ ಅತ್ತೆ ಉಷಾರಾಣಿಗೆ ಗಂಡು ಹುಡುಕುವಾಗ ಅಜ್ಜಿ ಎರಡು ಮನೆಗಳಿಂದ ಹಸಿದುಕೊಂಡೇ ವಾಪಸ್ಸು ಬಂದಿದ್ದಳಂತೆ. ಮೂರನೆಯ ಮನೆಯಲ್ಲಿ ಶ್ಯಾವಿಗೆಗೆ ಎರಡೆರಡು ಸಲ ಕಾಯಿಹಾಲು ಹಾಕಿಸಿಕೊಂಡಳು. ಅಲ್ಲಿಗೆ ಮದುವೆ ಗೊತ್ತಾಯಿತು.

ಧನುಶ್ರೀಗೆ ಮಡಿಕೇರಿಯ ಈ ಕಾಲೇಜೇ ಬೇಕಿತ್ತು. ಅವಳು ಆಸೆಪಟ್ಟ ಮೈಕ್ರೋಬಯಾಲಜಿ ಇಲ್ಲಿತ್ತು. ಆದರೆ ಲ್ಯಾಬ್ ಮುಗಿಯುವಷ್ಟರಲ್ಲಿ ಅವರೂರಿನ ಕೊನೆಯ ಬಸ್ಸು ಕುಶಾಲನಗರ ಬಿಟ್ಟಿರುತ್ತದೆ, ಹಾಸ್ಟೆಲ್ ಬಿಟ್ಟರೆ ಗತಿಯಿಲ್ಲ. ಅಜ್ಜಿ ಬೇಡವೆಂದರೆ ಅಪ್ಪನೂ ಬೇಡವೆನ್ನುತ್ತಾನೆ. ಆಮೇಲೆ ಮನೆ ಹತ್ತಿರದ ಕಾಲೇಜಿನಲ್ಲಿ ಯಾವುದು ಸಿಕ್ಕರೆ ಅದು. ಹಾಗಾಗಿ ಬಸ್ಸು ಸುಂಟಿಕೊಪ್ಪ ದಾಟುವ ಹೊತ್ತಿಗೆ ಅವಳು ವಿಡಿಯೊಗಳ ಬುದ್ಧಿವಾದವನ್ನೆಲ್ಲ ಮರೆತಿದ್ದಳು. ಇವತ್ತು ಗಮನಿಸಬೇಕಾದದ್ದು ಒಂದೇ, ಅಜ್ಜಿಯ ಬಾಯಿ.

ಗೇಟಿನಲ್ಲೇ ಬಂದವರಿಗೆಲ್ಲ ಜ್ಯೂಸ್ ಕೊಡುತ್ತಿದ್ದರು. ಅಜ್ಜಿ ಬೇಡವೆಂದಳು. ಪ್ರಿನ್ಸಿಪಾಲರ ಕೋಣೆಯಲ್ಲಿ ಕಾಫಿ ಬಂತು. ಅದನ್ನೂ ಸರಿಸಿಟ್ಟಳು. ದೇವರಾಜು ತನ್ನದನ್ನು ಅರ್ಧ ಕುಡಿದ ಮೇಲೆ ಅವ್ವ ದುರುಗುಟ್ಟಿ ನೋಡುತ್ತಿರುವುದು ಕಂಡು, ಲೋಟವನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಇಟ್ಟ.

ಕಾಲೇಜು ತೋರಿಸಲು ಬಂದ ಲೆಕ್ಚರರ್ ರಂಜಿತಾ ಬಹಳ ಉತ್ಸಾಹದವರು. "ಎಲ್ಲಾ ಕಡೆ ಕ್ಯಾಮೆರಾ ಇದೆ, ವೈಫೈ ಇದೆ. ಹಾಸ್ಟೆಲಂತೂ ತುಂಬಾ ಚೆನ್ನಾಗಿದೆ ಅಜ್ಜಿ," ಎಂದರು.

"ಜ್ವರ ಬಂದ್ರೆ ಗಂಜಿ ಯಾರು ಕಾಯಿಸ್ಕೊಡ್ತಾರೆ?"

"ಅದಕ್ಕೂ ವ್ಯವಸ್ಥೆ ಇದೆ," ಎಂದ ರಂಜಿತಾ ಬೇಗ ಬೇಗ ಆಡಿಟೋರಿಯಂ ಕಡೆ ತಿರುಗಿದರು. ಧನುಶ್ರೀಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಆಡಿಟೋರಿಯಂನಿಂದ ಹೊರಗೆ ಬಂದು ನೋಡಿದರೆ ಅಜ್ಜಿಯೇ ಇಲ್ಲ. ಹುಡುಕಿದಾಗ ಸಿಕ್ಕಿದ್ದು ಹಾಸ್ಟೆಲಿನ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ. ಪಕ್ಕದಲ್ಲಿ ತಿತಿಮತಿಯ ಪೂಜಿತಾ ಎಂಬ ಹುಡುಗಿ, ಎರಡನೇ ವರ್ಷದವಳು, ಅಜ್ಜಿಯ ಚಕ್ಕುಲಿ ಕಡಿಯುತ್ತ ಕೂತಿದ್ದಳು.

"ನೀರು ಹೆಂಗವ್ವ?"

"ಬೆಳಿಗ್ಗೆ ಮಾತ್ರ ಬರುತ್ತೆ ಅಜ್ಜಿ. ಬಕೆಟ್‌ನಲ್ಲಿ ತುಂಬಿಸಿಟ್ಕೊಳ್ಬೇಕು."

"ಊಟ?"

"ಅನ್ನ ಪರವಾಗಿಲ್ಲ. ಸಾರು ಬರೀ ನೀರು."

ಧನುಶ್ರೀ ಅಜ್ಜಿಯ ಬೆನ್ನ ಹಿಂದೆ ನಿಂತು ಕಣ್ಸನ್ನೆ ಮಾಡಿದಳು, ಕೈ ಆಡಿಸಿದಳು. ಆ ಸತ್ಯವಂತೆ ಅವಳತ್ತ ಒಂದು ನಗು ನಕ್ಕು ಮುಂದುವರಿಸಿದಳು. "ಬಂದಾಗ ಒಂದು ತಿಂಗಳು ಅತ್ತಿದ್ದೇ ಅತ್ತಿದ್ದು. ಅಡುಗೆ ಗಂಗಮ್ಮ ಒಲೆ ಹತ್ರ ಕೂರಿಸ್ಕೊಂಡು ದೋಸೆ ಹುಯ್ದು ಕೊಡೋರು. ರೂಮಿನವರೂ ಮಲಗೋವಾಗ ಏನಾದ್ರೂ ಹೇಳಿ ನಗಿಸೋರು. ಈಗ ರಜಕ್ಕೆ ಊರಿಗೆ ಹೋದ್ರೆ ಇಲ್ಲೀದೇ ನೆನಪು."

ಅಜ್ಜಿ ಸೀರೆ ಕೊಡವಿಕೊಂಡು ಎದ್ದಳು. "ಊಟದ ಮನೆ ಎಲ್ಲೈತೆ?"

ಮೆಸ್ಸಿನ ಬೆಂಚಿನ ಮೇಲೆ ಅಜ್ಜಿ ಕೂತಳು, ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡಳು. ಗಂಗಮ್ಮ ಎರಡು ತಟ್ಟೆಗೆ ಅನ್ನ ಹಾಕಿ ಸಾರು ಬಿಟ್ಟಳು. ಕಾಫಿಯ ಅಪರಾಧಿ ದೇವರಾಜು ಬಾಗಿಲಲ್ಲೇ ನಿಂತಿದ್ದ. ಅಜ್ಜಿ ಮಾತ್ರ ತಟ್ಟೆ ಮುಟ್ಟಲಿಲ್ಲ.

"ಉಣ್ಣಜ್ಜಿ," ಎಂದಳು ಧನುಶ್ರೀ. ಅವಳ ದನಿ ಅಳುವ ಹಾಗಿತ್ತು.

"ಮೊದ್ಲು ನೀನು ಉಣ್ಣು."

"ನೀನು ಒಪ್ಪಿದ್ಯಾ, ಇಲ್ವಾ? ಅದನ್ನ ಹೇಳು."

"ನಾನ್ಯಾಕೆ ಒಪ್ಪಬೇಕು? ಇರೋಳು ನಾನಾ?" ಅಜ್ಜಿ ಮೊಮ್ಮಗಳ ತಟ್ಟೆಯನ್ನು ಅವಳ ಮುಂದಕ್ಕೆ ಸರಿಸಿದಳು. "ನಮ್ಮಪ್ಪ ನಂಗೆ ಮನೆ ನೋಡಕ್ಕೆ ಹೋದಾಗ ಎಲ್ಲಾರೂ ಎಲ್ಲಾ ಚೆನ್ನಾಗೈತೆ ಅಂದ್ರು. ಅಪ್ಪ ಒಬ್ಬಟ್ಟು ಉಂಡು ಬಂದ. ಆ ಮನೇಲಿ ಬಾವೀನೇ ಇರ್ಲಿಲ್ಲ. ನಾನು ಎಷ್ಟು ವರ್ಷ ಕೆರೆಯಿಂದ ನೀರು ಹೊತ್ತೆ ಗೊತ್ತಾ? ಅವತ್ತು ಉಂಡಿದ್ದು ನಾನಲ್ಲ ಕಣವ್ವ, ನಂಗ್ಯಾರೂ ತಟ್ಟೇನೂ ಇಡ್ಲಿಲ್ಲ. ಇಲ್ಲಿ ಏನೈತೆ, ಏನಿಲ್ಲ, ನೀನೇ ಕೇಳಿಸ್ಕಂಡೆ. ಹಿಡಿಸಿದ್ರೆ ಉಣ್ಣು. ಇಲ್ದಿದ್ರೆ ಚೀಲದಲ್ಲಿ ಚಕ್ಕುಲಿ ಐತೆ."

ಬೆಳಗಿನಿಂದ ಅಜ್ಜಿ ಬೇಡ ಎಂದುಬಿಟ್ಟರೆ ಎಂದು ಹೆದರಿದ್ದ ಧನುಶ್ರೀಗೆ, ಈಗ ತಾನೇ ಬೇಕು ಎನ್ನಲು ಹೆದರಿಕೆಯಾಯಿತು. ಒಂದು ತಿಂಗಳ ಅಳು, ಬಕೆಟ್ ನೀರು, ಅಜ್ಜಿಯಿಲ್ಲದ ರೂಮು. ಈ ಮುದುಕಿಯನ್ನು ಬಿಟ್ಟು ಇರುವುದು ಎಷ್ಟು ಕಷ್ಟವೆಂದು ಅವಳಿಗೆ ಆ ಬೆಂಚಿನ ಮೇಲೆ ಮೊದಲ ಸಲ ಅನ್ನಿಸಿತು.

ಅವಳು ಅನ್ನ ಕಲೆಸಿ ಒಂದು ತುತ್ತು ಬಾಯಿಗಿಟ್ಟಳು. ಪೂಜಿತಾ ಹೇಳಿದ್ದು ನಿಜ, ಸಾರು ಬರೀ ನೀರು. ನುಂಗಿ, ತಟ್ಟೆಯನ್ನು ಗಂಗಮ್ಮನ ಕಡೆ ಹಿಡಿದಳು.

"ಇನ್ನೊಂದು ಸೌಟು ಹಾಕಿ," ಎಂದಳು.

ಅಜ್ಜಿ ಆಗ ತನ್ನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.