ಗಾಜಿಗೆ ಅಂಟಿದ ಕೆಂಪು ಸಿಪ್ಪೆ

ಮಧುಗಿರಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ರುದ್ರಮುನಿ ಸಾಧು ಮನುಷ್ಯ. ಎರಡು ವಿಷಯದಲ್ಲಿ ಮಾತ್ರ ಅವನನ್ನು ಹಿಡಿಯುವವರಿಲ್ಲ. ಒಂದು, ಮನೆಯ ಹಾಲ್‌ನಲ್ಲಿ ಹೊಟ್ಟೆ ಬಿಟ್ಟುಕೊಂಡು ಕೂತಿರುವ ಅವನ ಹಳೇ ಡಬ್ಬಾ ಟಿವಿ. ಇನ್ನೊಂದು, ಅದಕ್ಕೆ ಜೋಡಿಸಿದ ವಿಡಿಯೋ ಗೇಮಿನಲ್ಲಿ ಹಾರುವ ಹಕ್ಕಿಗಳನ್ನು ಪ್ಲಾಸ್ಟಿಕ್ ಬಂದೂಕಿನಿಂದ ಹೊಡೆದು ಬೀಳಿಸುವ ತನ್ನ ಗುರಿ.

ಗೋಡೆಗೆ ನೇತುಹಾಕುವ ಚಪ್ಪಟೆ ಟಿವಿಯನ್ನು ಅವನು ಟಿವಿ ಅಂತ ಒಪ್ಪುವುದೇ ಇಲ್ಲ, ಕ್ಯಾಲೆಂಡರ್ ಅನ್ನುತ್ತಾನೆ. ಕಪ್ಪು ಅಂದರೆ ಡಬ್ಬಾದ ಕಪ್ಪು, ಚಪ್ಪಟೆಯಲ್ಲಿ ಕಾಣುವುದೆಲ್ಲ ಬೂದಿ ಬಣ್ಣ ಎಂದು ಕೇಳದವರಿಗೂ ಹೇಳುತ್ತಾನೆ. ಇದೇ ಹುಚ್ಚಿನ ಇಬ್ಬರು ಅವನಿಗೆ ಜೊತೆ ಸಿಕ್ಕಿದ್ದಾರೆ: ಶಿರಾದಲ್ಲಿ ಮೊಬೈಲ್ ರಿಪೇರಿ ಮಾಡುವ ನವೀನ್ ಕುಮಾರ್ ಮತ್ತು ವೈ.ಎನ್.ಹೊಸಕೋಟೆಯ ಮೇಷ್ಟ್ರು ನರಸಿಂಹರಾಜು. ತಿಂಗಳ ಎರಡನೇ ಶನಿವಾರ ಮೂವರೂ ರುದ್ರಮುನಿಯ ಮನೆಯಲ್ಲಿ ಸೇರಿ ಹಕ್ಕಿ ಹೊಡೆಯುತ್ತಾರೆ. ನವೀನ್ ತರುವ ಹುರಿದ ಕಡಲೆಕಾಯಿ ತಿಂದವರು ಸೋಪು ಹಾಕಿ ಕೈ ತೊಳೆಯದೆ ಬಂದೂಕು ಮುಟ್ಟಕೂಡದು, ಇದು ರುದ್ರಮುನಿಯ ಕಟ್ಟಪ್ಪಣೆ.

ಹೆಂಡತಿ ಕಮಲಾಕ್ಷಮ್ಮ ಕೈ ತೊಳೆದರೂ ಮುಟ್ಟುವಂತಿರಲಿಲ್ಲ. ಒಮ್ಮೆ ಆಕೆ ತಾನೂ ಒಂದು ಆಟ ಆಡುತ್ತೇನೆ ಅಂದಾಗ, ನಿನಗ್ಯಾಕೆ ಇದೆಲ್ಲ ಎಂದು ಸ್ನೇಹಿತರೆದುರೇ ನಕ್ಕು ಕಾಫಿ ತರಲು ಕಳಿಸಿದ್ದ. ಅಂಗನವಾಡಿಯಲ್ಲಿ ಮೂವತ್ತು ಮಕ್ಕಳನ್ನು ಒಂದೇ ನೋಟಕ್ಕೆ ಕೂರಿಸುವ ಹೆಂಗಸು, ಹೇಳಿದ ಹಾಗೆ ಹೋಗಿ ಕಾಫಿ ತಂದುಕೊಟ್ಟಳು. ಬುದ್ಧಿ ಇದ್ದಿದ್ದರೆ ಅವನು ಅವತ್ತೇ ಹೆದರಬೇಕಿತ್ತು.

ಆಮೇಲೆ ಕೆಲವು ತಿಂಗಳು ಒಂದು ವಿಚಿತ್ರ ನಡೆಯಿತು. ಸಂಜೆ ಆರಕ್ಕೆ ಅವನು ಆಫೀಸಿನಿಂದ ಬಂದರೆ ಟಿವಿಯ ಗಾಜಿಗೆ ಕಡಲೆಬೀಜದ ಕೆಂಪು ಸಿಪ್ಪೆ ಒಂದೆರಡು ಅಂಟಿಕೊಂಡಿರುತ್ತಿದ್ದವು. ಅವನಿಗೆ ಅದರಲ್ಲೂ ಹೆಮ್ಮೆ. ಈ ಗಾಜಿಗೆ ಎಳೆದುಕೊಳ್ಳುವ ಗುಣವಿದೆ, ಗಾಳಿಯಲ್ಲಿ ಹಾರುವುದನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ, ಕ್ಯಾಲೆಂಡರಿಗೆ ಆ ಯೋಗ್ಯತೆ ಎಲ್ಲಿದೆ ಎಂದು ಹೇಳುತ್ತ ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತಿದ್ದ. ಡಬ್ಬಾದ ನೆತ್ತಿ ಬೆಚ್ಚಗಿದ್ದರೆ ಪಡುವಣ ಕಿಟಕಿಯ ಬಿಸಿಲು ಅಂದುಕೊಳ್ಳುತ್ತಿದ್ದ.

ಹೀಗಿರುವಾಗ ಒಂದು ಶುಕ್ರವಾರ ಕಮಲಾಕ್ಷಮ್ಮ ನಲವತ್ತಮೂರು ಇಂಚಿನ ಹೊಸ ಟಿವಿ ತರಿಸಿದಳು. ಮನೆಗೆ ಒಂದು ಟಿವಿ ಸಾಕು, ಹಳೆಯದನ್ನು ಸೋಮವಾರ ಅಂಗಡಿಯವರು ಎಕ್ಸ್‌ಚೇಂಜಿಗೆ ಒಯ್ಯುತ್ತಾರೆ ಅಂದಳು. ರುದ್ರಮುನಿ ಊಟ ಅರ್ಧಕ್ಕೇ ಬಿಟ್ಟು ಎದ್ದ. ಆ ಡಬ್ಬಾ ಹೋದರೆ ತನ್ನ ಅರ್ಧ ಜೀವವೇ ಹೋದಂತೆ ಎಂದು ನಿಜವಾಗಿಯೂ ಅನ್ನಿಸಿ ಕಣ್ಣು ತುಂಬಿತು.

ಕೈ ತೊಳೆಯುವಾಗ ಉಪಾಯ ಹೊಳೆಯಿತು. ಆಟದ ಬಂದೂಕಿನ ಮೂತಿಯಲ್ಲಿ ಬೆಳಕು ಹಿಡಿಯುವ ಒಂದು ಕಣ್ಣಿದೆ. ಟ್ರಿಗರ್ ಎಳೆದ ಕ್ಷಣಕ್ಕೆ ಹಕ್ಕಿಯಿದ್ದ ಜಾಗ ಗಾಜಿನಲ್ಲಿ ಬೆಳ್ಳಗೆ ಮಿಂಚುತ್ತದೆ, ಕಣ್ಣು ಅದನ್ನು ಕಂಡರೆ ಹಕ್ಕಿ ಬೀಳುತ್ತದೆ. ಚಪ್ಪಟೆ ಟಿವಿ ಒಂದು ಚೂರು ತಡವಾಗಿ ಮಿಂಚುತ್ತದೆ, ಅಷ್ಟರಲ್ಲಿ ಕಣ್ಣು ಮುಚ್ಚಿರುತ್ತದೆ. ಅದರಲ್ಲಿ ಎಂಥ ಗುರಿಕಾರನೂ ಒಂದು ಹಕ್ಕಿ ಬೀಳಿಸಲಾರ. ಹಾಗಾಗಿ ಅವನು ಮುಗ್ಧನಂತೆ, ನಾಳೆ ಎರಡನೇ ಶನಿವಾರ, ಪಂದ್ಯ ಇಡೋಣ, ಯಾವುದರಲ್ಲಿ ಹಕ್ಕಿ ಬೀಳುತ್ತದೋ ಅದು ಮನೆಯಲ್ಲಿರಲಿ ಅಂದ.

ಕಮಲಾಕ್ಷಮ್ಮ ತಕ್ಷಣ ಒಪ್ಪಿದಳು.

"ಆಗ್ಲಿ ಕಣ್ರೀ. ನಂದೂ ಒಂದ್ ಮಾತೈತೆ. ಯಾರು ಜಾಸ್ತಿ ಹಕ್ಕಿ ಬೀಳುಸ್ತಾರೋ, ಟಿವಿ ಎಲ್ಲಿರ್ಬೇಕು, ಯಾರ್ ಮುಟ್ಬೇಕು ಅನ್ನೋದ್ನ ಅವ್ರೇ ಹೇಳ್ಬೇಕು."

ನನ್ನ ಬಿಟ್ಟು ಇನ್ಯಾರು ಹೊಡೆಯುತ್ತಾರೆ ಎಂದು ರುದ್ರಮುನಿ ಒಳಗೊಳಗೇ ನಕ್ಕು ತಲೆಯಾಡಿಸಿದ.

ಶನಿವಾರ ಬೆಳಿಗ್ಗೆ ಸ್ನೇಹಿತರ ಸಾಕ್ಷಿಯಲ್ಲಿ ಹೊಸ ಟಿವಿಗೆ ಗುರಿಯಿಟ್ಟ. ಒಂದೂ ಬೀಳಲಿಲ್ಲ. ಬಂದೂಕನ್ನು ಪರದೆಗೇ ತಾಗಿಸಿ ಹೊಡೆದ, ಆಗಲೂ ಇಲ್ಲ. ಸೋತವನ ಮುಖ ಮಾಡಲು ಅವನು ಪಟ್ಟ ಪಾಡು ನೋಡಿ ನವೀನ್ ನಗು ತಡೆಯಲಾರದೆ ಆಚೆ ಹೋಗಿ ಬಂದ. ಆಮೇಲೆ ಡಬ್ಬಾದ ಮುಂದೆ ಕೂತು ಹತ್ತರಲ್ಲಿ ಎಂಟು ಉರುಳಿಸಿದ. ಸ್ನೇಹಿತರು ಐದು, ಆರು ದಾಟಲಿಲ್ಲ.

ಟಿವಿ ಉಳಿಯಿತು ಎಂದು ಅವನು ಮೀಸೆ ತೀಡುವಷ್ಟರಲ್ಲಿ ಕಮಲಾಕ್ಷಮ್ಮ ಬಂದು ಕೂತಳು. ಕಡಲೆಕಾಯಿಯ ತಟ್ಟೆಯಿಂದ ನಾಲ್ಕು ಬೀಜ ತೆಗೆದು ಅಂಗೈಯಲ್ಲಿ ಉಜ್ಜಿ ಉಫ್ ಅಂದಳು. ಕೆಂಪು ಸಿಪ್ಪೆ ಹಾರಿ, ನೇರ ಹೋಗಿ ಗಾಜಿಗೆ ಅಂಟಿಕೊಂಡಿತು. ರುದ್ರಮುನಿ ಅದನ್ನೇ ನೋಡಿದ.

ಆಕೆ ಬೀಜ ಬಾಯಿಗೆ ಹಾಕಿಕೊಂಡು ಬಂದೂಕೆತ್ತಿದಳು. ಒಂದು ಕಣ್ಣು ಕೂಡ ಮುಚ್ಚಲಿಲ್ಲ. ಹತ್ತಕ್ಕೆ ಹತ್ತು ಹಕ್ಕಿ ಸಾಲಾಗಿ ಬಿದ್ದವು.

"ಅಬ್ಬಾ, ವದಿನಾ!" ಎಂದು ನರಸಿಂಹರಾಜು ಗಡಿಯ ತೆಲುಗಿನಲ್ಲೇ ಅತ್ತಿಗೆಗೆ ಕೈ ಮುಗಿದ.

"ಎಕ್ಸ್‌ಚೇಂಜ್ ಅಂತ ಅಂಗ್ಡಿಯೋರಿಗೆ ನಾನ್ ಹೇಳೇ ಇಲ್ಲ. ಇಂಥಾ ಟಿವೀನ ಯಾರಾದ್ರೂ ಕೊಟ್ಬುಡ್ತಾರಾ? ದಿನಾ ನಾಕ್ ಗಂಟೆಗೆ ಅಂಗನವಾಡಿ ಬಿಡುತ್ತೆ, ನೀವ್ ಬರೋದು ಆರಕ್ಕೆ," ಎಂದಳು ಕಮಲಾಕ್ಷಮ್ಮ. ಆಮೇಲೆ ತೀರ್ಪು ಕೊಟ್ಟಳು. ಡಬ್ಬಾ ತನ್ನ ಹೊಲಿಗೆ ಮಿಷನ್ ಇರುವ ಕೋಣೆಗೆ. ಹಾಲಿನ ಗೋಡೆಗೆ ಕ್ಯಾಲೆಂಡರ್, ಅದು ಯಜಮಾನರಿಗೆ.

ಟಿವಿ ಉಳಿದ ಸಂತೋಷಕ್ಕೆ ನಗಬೇಕೋ, ಅದು ಕೈತಪ್ಪಿದ್ದಕ್ಕೆ ಅಳಬೇಕೋ ರುದ್ರಮುನಿಗೆ ತಿಳಿಯಲಿಲ್ಲ. ಸ್ನೇಹಿತರ ಜೊತೆ ಡಬ್ಬಾವನ್ನು ತಾನೇ ಹೊತ್ತು ಆ ಕೋಣೆಗೆ ಸಾಗಿಸಿದ. ಸ್ವಲ್ಪ ಹೊತ್ತು ಹಾಲಿನಲ್ಲಿ ಕೂತು ಕಡಲೆಕಾಯಿ ತಿಂದ. ಒಳಗಿನಿಂದ ಹಕ್ಕಿ ಬೀಳುವ ಸದ್ದು ಒಂದರ ಹಿಂದೊಂದು ಕೇಳುತ್ತಿತ್ತು. ಕೊನೆಗೆ ತಡೆಯಲಾರದೆ ಎದ್ದು ಬಾಗಿಲಲ್ಲಿ ನಿಂತು, ನನಗೂ ಒಂದು ಆಟ ಕೊಡ್ತೀಯಾ ಎಂದು ಕೇಳಿದ.

ಆಕೆ ತಿರುಗದೆ ಹೇಳಿದಳು: "ಸೋಪ್ ಹಾಕಿ ಕೈ ತೊಳ್ಕೊಂಡ್ ಬನ್ನಿ. ಬರ್ತಾ ಅಂಗೇ ಕಾಫಿ ತನ್ನಿ."

ರುದ್ರಮುನಿ ಮೊದಲು ಬಚ್ಚಲಿಗೆ ಹೋದ, ಆಮೇಲೆ ಅಡುಗೆಮನೆಗೆ.