ಬೀಜಾಡಿಗೆ ಹೋದದ್ದು

ಅರವತ್ತಾರರ ಬೇಸಿಗೆಯಲ್ಲಿ ನನ್ನ ಗಂಡ ಭೋಜರಾಜರು ಮೂರು ವರ್ಷಗಳ ಮೇಲೆ ಬೊಂಬಾಯಿಯಿಂದ ಹಾಲಾಡಿಗೆ ಬಂದರು. ಅಲ್ಲಿ ಅವರಿಗೆ ಹೋಟೆಲಿನ ಗಲ್ಲಾದಲ್ಲಿ ಕೆಲಸ, ರಜೆ ಎರಡೇ ವಾರ. ಮಗ ರಾಜೀವನಿಗೆ ಅಪ್ಪನ ಮುಖ ನೆನಪಿತ್ತು. ಮಗಳು ಸರಸಳಿಗೆ ನಾಲ್ಕು ವರ್ಷ. ಇವರು ಅಂಗಳಕ್ಕೆ ಕಾಲಿಟ್ಟದ್ದೇ ತಡ, ಅವಳು ನನ್ನ ಸೆರಗಿನ ಹಿಂದೆ ಅಡಗಿದಳು.

ನಾನು ಮೊದಲೇ ಯೋಚಿಸಿಟ್ಟಿದ್ದೆ. ಮಕ್ಕಳು ಸಮುದ್ರ ನೋಡಿರಲಿಲ್ಲ. ಅಪ್ಪನೇ ಕರೆದುಕೊಂಡು ಹೋಗಿ ತೋರಿಸಲಿ. ತೆರೆಗೆ ಹೆದರಿಯಾದರೂ ಹುಡುಗಿ ಅವರ ಕುತ್ತಿಗೆ ತಬ್ಬಿಕೊಳ್ಳುತ್ತಾಳೆ. ನನಗೆ ಬೇಕಾಗಿದ್ದದ್ದು ಅಷ್ಟೇ.

ಆದರೆ ಇವರ ಟ್ರಂಕು ತೆರೆದಾಗಲೇ ನನ್ನ ಲೆಕ್ಕ ತಲೆಕೆಳಗಾಯಿತು. ಬಟ್ಟೆ ಎರಡು ಜೊತೆ, ಉಳಿದದ್ದೆಲ್ಲ ಪೊಟ್ಟಣ. ಹೋಟೆಲಿನಲ್ಲಿ ದುಡಿಯುವ ನಮ್ಮ ಕಡೆಯವರೆಲ್ಲ ತಂತಮ್ಮ ಮನೆಗೆ ಸಾಬೂನು, ಹಲ್ವ, ಸೀರೆ ಕಟ್ಟಿ ಕೊಟ್ಟಿದ್ದರು. ಊರಿಗೆ ಹೊರಟವನು ಅದನ್ನು ಮನೆಮನೆಗೆ ಮುಟ್ಟಿಸಬೇಕು. ಅಲ್ಲಿ ಕೂತು ಬೆಲ್ಲ ನೀರು ಕುಡಿದು, ಆ ಮನೆಯ ಮಗನ ಸುದ್ದಿ ಹೇಳಬೇಕು. ಬಾಗಿಲಲ್ಲೇ ಕೊಟ್ಟು ಬಂದರೆ ಆಯುಷ್ಯಪೂರ್ತಿ ಮುನಿಸು.

"ಹ್ವಾಯ್, ಮಕ್ಕಳನ್ನ್ ಸಮುದ್ರ ಕಾಂಬುಕ್ ಕರ್ಕಂಡ್ ಹೋಪ್ದ್ ಯಾವಾಗ?"

"ನಾಳಿಗೇ ಹೋಪ ಮಾರಾಯ್ತಿ. ದಾರಿಲ್ ಇದೊಂದ್ ಕೊಟ್ಟ್ಕಂಡ್ ಹೋಪ."

ಆ 'ದಾರಿಲ್' ಎಂಬುದು ಎಲ್ಲಿತ್ತೋ ದೇವರೇ ಬಲ್ಲ. ಒಂದು ದಿನ ಸಮುದ್ರದ ಬದಿಯ ಕುಂಭಾಶಿಗೆಂದು ಪಡುಮುಖವಾಗಿ ಹೊರಟವರು ಮೂಡಲಿನ ಸಿದ್ದಾಪುರದಲ್ಲಿ ಉಂಡು ಬಂದೆವು. ಮತ್ತೊಂದು ದಿನ ಬಸ್ಸು ಹತ್ತುವ ಮೊದಲೇ ಯಾರೋ ಕೈಹಿಡಿದು ಎಳೆದುಕೊಂಡು ಹೋದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹಲ್ಲು ಕಚ್ಚಿದೆ. ರಾಜೀವ ದಿನಾ ಬೆಳಿಗ್ಗೆ ಒಗೆದ ಚಡ್ಡಿ ಹಾಕಿಕೊಂಡು ಜಗಲಿಯಲ್ಲಿ ಕೂರುತ್ತಿದ್ದ. ಅವನನ್ನು ನೋಡಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಉಳಿದದ್ದು ಒಂದೇ ಪೊಟ್ಟಣ. ಇವರ ಹೋಟೆಲಿನಲ್ಲಿ ಅಡುಗೆ ಮಾಡುವ ತಿಮ್ಮನದು, ಅವನ ತಾಯಿ ಮುತ್ತಕ್ಕನಿಗೆ. ಮನೆ ಬೀಜಾಡಿಯಲ್ಲಿ, ಸಮುದ್ರದ ಹತ್ತಿರವೇ. ದೇವರು ಕಣ್ಣು ಬಿಟ್ಟ ಅಂದುಕೊಂಡೆ. ಕೋಟೇಶ್ವರದಲ್ಲಿ ಬಸ್ಸಿಳಿದು ನಡೆಯುವಾಗ ಹೇಳಿದೆ, "ಮೊದ್ಲ್ ಸಮುದ್ರ, ಮತ್ತೆ ಪೊಟ್ಣ."

"ಕೈಯಂಗ್ ಹಿಡ್ಕಂಡ್ ಸಮುದ್ರದ ಹೊಯ್ಗಿಲ್ ತಿರ್ಗುದಾ? ಕೊಟ್ಟ್ ಹೋಪ. ಒಂದ್ ಗಳ್ಗಿ."

ತಿಮ್ಮ ಎಂಬ ಹೆಸರು ಕಿವಿಗೆ ಬಿದ್ದದ್ದೇ ಮುತ್ತಕ್ಕ ಅಂಗಳದ ಹುಂಜವನ್ನು ಹಿಡಿದು ಬುಟ್ಟಿಯಡಿ ಹಾಕಿದಳು. ಅಲ್ಲಿಗೆ ಮುಗಿಯಿತು. ನೆಂಟರಿಗೆಂದು ಹಿಡಿದ ಕೋಳಿಯನ್ನು ಬಿಡಿಸುವಷ್ಟು ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ.

"ಉಣ್ದೆ ಹೋಪುಕಾಗ," ಎಂದಳು. "ನಮ್ ತಿಮ್ಮ ಸಮಾ ಉಣ್ತ್ನಾ? ಸೊರ್ಗಿದ್ನಾ?"

ಮನೆಯಲ್ಲಿ ಬೇರೆ ಹೆಂಗಸರಿಲ್ಲ. ಕಾಯಿ ತುರಿಯಲು, ಮಸಾಲೆ ಅರೆಯಲು ನಾನೇ ಒಳಗೆ ಹೋಗಬೇಕಾಯಿತು. ತೆಂಗಿನ ತೋಟದ ಆಚೆಯಿಂದ ಸಮುದ್ರದ ಸದ್ದು ಕೇಳುತ್ತಿತ್ತು. ಇವರು ಚಾವಡಿಯಲ್ಲಿ ತಿಮ್ಮ ಮಲಗುವ ಜಾಗ, ಅವನ ಕೆಮ್ಮು, ಅವನು ಮಾಡುವ ಸಾಂಬಾರು, ಎಲ್ಲವನ್ನೂ ರಸವತ್ತಾಗಿ ಹೇಳಿದರು. ಮುದುಕಿ ನಗುತ್ತಾ ಕಣ್ಣೊರೆಸಿಕೊಂಡಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಇವರ ಮೇಲೆ ಬಂತು. ಅಷ್ಟು ಮಾತಿನಲ್ಲಿ ಒಂದನ್ನಾದರೂ ಸ್ವಂತ ಮಕ್ಕಳೊಡನೆ ಆಡಿದ್ದರೆ! ಮಕ್ಕಳು ಮೂಲೆಯಲ್ಲಿ ಕೂತು ಕೂತು ಚಾಪೆಯ ಮೇಲೆ ನಿದ್ದೆಹೋಗಿದ್ದರು.

ಊಟ ಮುಗಿಯುವಾಗ ಹೊತ್ತು ಇಳಿದಿತ್ತು. ಹಾಲಾಡಿಯ ಕೊನೆಯ ಬಸ್ಸು ತಪ್ಪುತ್ತದೆಂದು ಓಡಿದೆವು.

"ಬಪ್ಪ ವರ್ಷ ಖಂಡಿತ," ಎಂದರು ಇವರು, ಬೆವರು ಒರೆಸಿಕೊಳ್ಳುತ್ತಾ.

ರಜೆ ಮುಗಿದಿತ್ತು; ಮರುದಿನವೇ ಹಾಲಾಡಿಯಲ್ಲಿ ಇವರು ಬೊಂಬಾಯಿಗೆಂದು ಬಸ್ಸು ಹತ್ತಿದರು. ಕಿಟಕಿಯಿಂದ ಕೈ ಚಾಚಿ ರಾಜೀವನ ತಲೆ ಸವರಿದರು. ಸರಸಳ ಕಡೆಗೂ ಚಾಚಿದರು. ಅವಳು ಹಿಂದೆ ಸರಿದು ನನ್ನ ಸೆರಗು ಜಗ್ಗಿದಳು. ಪಿಸುಗುಟ್ಟುವುದು ಇನ್ನೂ ಕಲಿಯದ ಮಗು, ಎಲ್ಲರಿಗೂ ಕೇಳುವಂತೆ ಕೇಳಿತು:

"ಅಮ್ಮಾ, ಈ ನೆಂಟ್ರ್ ಹೋದ್ಮೇಲ್ ನಾವ್ ಸಮುದ್ರ ಕಾಂಬುಕ್ ಹೋಪನಾ?"

ಇವರ ಕೈ ಕಿಟಕಿಯ ಹೊರಗೇ ಉಳಿಯಿತು. ಎರಡು ವಾರ ನಾನು ಕೂಡಿಟ್ಟ ಬೈಗುಳದಲ್ಲಿ ಒಂದನ್ನೂ ಆಡುವ ಅಗತ್ಯ ಬೀಳಲಿಲ್ಲ. ಬಸ್ಸು ಹೊರಟಿತು.